ನೀಲಿ ಅಂಚು

ರಾತ್ರಿ ಎರಡೂಕಾಲು. ಹಾಸನದ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ
ನಾನು, ಒಂದು ಸೂಕ್ಷ್ಮದರ್ಶಕ,
ಆಲೂರು ಕಡೆಯ ಹುಡುಗನ ಒಂದು ಹನಿ ರಕ್ತ.
ಜಶ್ವಿತ್, ಒಂಬತ್ತು ವರ್ಷ, ಜ್ವರ ಐದನೇ ದಿನ.
ಲೀಷ್ಮನ್ ಬಣ್ಣ ಸುರಿದೆ, ಕಾದೆ, ನಲ್ಲಿಯಡಿ ಹಿಡಿದು ತೊಳೆದೆ.

ಸುಮ್ಮನಿರುವ ಲಿಂಫೋಸೈಟ್ ಹೇಗಿರುತ್ತದೆ ಬಲ್ಲಿರಾ?
ಪುಟ್ಟದು. ಮೈಯೆಲ್ಲ ಬೀಜವೇ.
ಸುತ್ತ ಕೂದಲೆಳೆಯಷ್ಟು ಅಂಚು,
ಒಗೆದೊಗೆದು ಮಾಸಿದ ಲಂಗದ್ದರ ಹಾಗೆ.
ಸೋಮಾರಿ ಅಂದುಕೊಂಡೀರಿ.
ಓದುವಾಗ ನಾನೂ ಹಾಗೇ ಅಂದುಕೊಂಡಿದ್ದೆ.

ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ ನಮ್ಮಪ್ಪನ ಅಂಗಡಿ:
ಜನಾರ್ದನ ರಾವ್ ಪಿಸ್ಸೆ, ಪ್ಯಾಂಟು ಷರ್ಟು ಸ್ಪೆಷಲಿಸ್ಟ್.
ಗೋಡೆಯ ಮೊಳೆಗೆ ಚುಚ್ಚಿದ ಅಳತೆ ಚೀಟಿಗಳು,
ಎದೆ ಮೂವತ್ತಾರು, ತೋಳು ಇಪ್ಪತ್ಮೂರೂವರೆ.
ಬಟ್ಟೆ ಕತ್ತರಿಸಿ ಗಂಟು ಕಟ್ಟಾಗಿದೆ,
ಮೂರು ಮೆಷಿನ್ನಿಗೂ ಎಣ್ಣೆ ಬಿದ್ದಿದೆ,
ಆದರೂ ಅಪ್ಪ ಬೀಡಿ ಹಚ್ಚಿ ರಸ್ತೆ ನೋಡುತ್ತಾರೆ.
'ಯಾಕಪ್ಪ ಹೊಲೀತಿಲ್ಲ?'
'ಗಿರಾಕಿ ಬಂದು ತಟ್ಟಬೇಕು ಕಣೇ.
ಸುಮ್ಮನೆ ಹೊಲಿದು ಗುಡ್ಡೆ ಹಾಕಿದರೆ
ದಾರವೂ ಹಾಳು, ಕಾಲೂ ಹಾಳು.'

ಕಣದ ಒಳಗೂ ಅದೇ ಅಂಗಡಿ.
ಆರ್‌ಎನ್‌ಎ ಚೀಟಿಗಳು ಬರೆದಾಗಿರುತ್ತವೆ.
ಪ್ರೋಟೀನು ಹೊಲಿಯುವ ರೈಬೋಸೋಮುಗಳು
ಪೆಡಲಿನ ಮೇಲೆ ಕಾಲಿಡದೆ ಕೂತಿರುತ್ತವೆ.
ಯಾವುದೋ ಒಂದು ಕೈ ಚೀಟಿಯ ತಲೆ ಒತ್ತಿಹಿಡಿದು
'ಈಗ ಬೇಡ' ಅನ್ನುತ್ತಿರುತ್ತದೆ.

ಕಲಿಯಲು ಬಂದವರಿಗೂ ಇದೇ ಶಿಸ್ತು.
ಎದೆಮೂಳೆಯ ಹಿಂದೆ, ಥೈಮಸ್ಸೆಂಬ ಪುಟ್ಟ ಗ್ರಂಥಿಯಲ್ಲಿ
ಕೆಲವು ದಿನ ರಭಸದ ಹೊಲಿಗೆ, ಆಮೇಲೆ ಕಟ್ಟುನಿಟ್ಟಿನ ಮೌನ.
ನೂರು ಬಂದರೆ ಉಳಿಯುವುದು ಮೂರೋ ನಾಲ್ಕೋ.
ಮನೆಯವರ ಬಟ್ಟೆಗೇ ಕತ್ತರಿ ಇಡುವವನನ್ನು
ಅಪ್ಪನೂ ಅವತ್ತೇ ಕಳಿಸಿಬಿಡುತ್ತಿದ್ದರು.
ಮೂಸಾ ಉಳಿದ. ಆರು ತಿಂಗಳು ಬರೀ ಹೊಲಿಗೆ ಬಿಚ್ಚಿದ.
ಈಗ ಅಂಗಡಿ ಅವನದು.

ಎಣ್ಣೆಯ ಒಂದು ತೊಟ್ಟು ಬಿಟ್ಟು ಲೆನ್ಸು ಇಳಿಸಿದೆ.
ಕಂಡವು.
ಉಬ್ಬಿದವು, ಕೆಂಪುಕಣಗಳ ನಡುವೆ ಮೊಣಕೈ ಚಾಚಿ ನಿಂತವು,
ಸುತ್ತ ನೀಲಿ, ಗಾಢ ನೀಲಿ,
ಮದುವೆ ಸೀರೆಯ ಅಂಚಿನಷ್ಟು ಅಗಲ.
ರೈಬೋಸೋಮುಗಳು ಕಿಕ್ಕಿರಿದು ಬಣ್ಣ ಕುಡಿದರೆ ಹೀಗೆ ಕಾಣುತ್ತದೆ.
ಅಂದರೆ ಗಿರಾಕಿ ತಟ್ಟಿದ್ದಾನೆ, ಒತ್ತಿದ ಕೈ ಎದ್ದಿದೆ.
ಹೊಸ ಚೀಟಿಗೂ ಕಾಯದೆ
ಮೊಳೆಯಲ್ಲಿದ್ದುದನ್ನೇ ಕಿತ್ತುಕೊಂಡು
ಮೊದಲ ಗಂಟೆಗಳಲ್ಲೇ ಶುರುಹಚ್ಚಿವೆ.

ಒಮ್ಮೆ ಯಾವುದೋ ಶಾಲೆ ಎರಡೇ ದಿನದಲ್ಲಿ
ಮುನ್ನೂರು ಯೂನಿಫಾರಂ ಕೇಳಿತ್ತು.
ರಾತ್ರಿಯಿಡೀ ನೆಲ ನಡುಗಿ ನನ್ನ ನಿದ್ದೆಗೂ ಹೊಲಿಗೆ ಬಿತ್ತು.
ಮೂರನೇ ಬೆಳಿಗ್ಗೆ ಅಪ್ಪ ಮೊದಲು ಮಾಡಿದ್ದು
ಮೆಷಿನ್ನಿನ ಬೆಲ್ಟು ಕಳಚಿಟ್ಟದ್ದು.
ಆಗ ಅರ್ಥವಾಗಿರಲಿಲ್ಲ.
ಅಮ್ಮನ ಬೆರಳು ನೋಡಿ ಅರ್ಥವಾಯಿತು.
ದಿನಕ್ಕೆ ಎಂಬತ್ತು ಕಾಜಾ ತೆಗೆದ ಬೆರಳು,
ಈಗ ಗಂಟುಗಂಟಾಗಿ ಬಾಗಿವೆ.
ಗಿರಾಕಿಯೇ ಇಲ್ಲದೆ ಅವಳೊಳಗೆ ಯಾರೋ ಹೊಲಿಯುತ್ತಲೇ ಇದ್ದಾರೆ,
ಅವಳ ಕೀಲಿಗೇ ಸೂಜಿ ಇಟ್ಟು.
ಬೆಲ್ಟು ಕಳಚುವ ಕೈ ಎಲ್ಲಿ ಹೋಯಿತೋ.

ರಿಪೋರ್ಟಿನಲ್ಲಿ ಇದಕ್ಕೆಲ್ಲ ಜಾಗವಿಲ್ಲ.
ರಿಯಾಕ್ಟಿವ್ ಲಿಂಫೋಸೈಟುಗಳು, ಶೇಕಡ ಹನ್ನೆರಡು.
ಪ್ಲೇಟ್ಲೆಟ್ ಅರವತ್ತೆರಡು ಸಾವಿರ.
ವಾರ್ಡಿನ ಡಾಕ್ಟರಿಗೆ ಫೋನ್ ಮಾಡಿದೆ.

ಬಾಗಿಲಾಚೆ ಬೆಂಚಿನಿಂದ ಹುಡುಗನ ಚಿಕ್ಕಪ್ಪ ಎದ್ದ.
'ಏನಾದ್ರೂ ಕಾಣ್ತಾ ಮೇಡಂ?'
ಕೆಲಸ ಶುರುವಾಗಿದೆ, ಅಂದೆ.
ಅವನಿಗೆ ಏನು ಕೇಳಿಸಿತೋ, ತಲೆಯಾಡಿಸಿ
ಫ್ಲಾಸ್ಕಿನಿಂದ ಅರ್ಧ ಲೋಟ ಚಹಾ ಬಗ್ಗಿಸಿ ಕೊಟ್ಟ.
ಅವನ ಷರ್ಟಿಗೆ ಎರಡನೇ ಗುಂಡಿ ಇರಲಿಲ್ಲ.
ಕಾಜಾ ಇತ್ತು, ಕೈಯಲ್ಲಿ ತೆಗೆದದ್ದು,
ಬಿಗಿಯಾಗಿ, ಕಾಯುತ್ತ.